ಸ್ವಿಚ್ಚಿನಡಿಯ ಜಿಡ್ಡು

ಕ್ಯಾಮೆರಾದ ಆನ್-ಆಫ್ ಸ್ವಿಚ್ಚು ಒಂದೇ ದಿನಕ್ಕೆ ಬಿಗಿಯಾಗುವುದಿಲ್ಲ. ಮೊದಮೊದಲು ಅದು ಬೆರಳಿಗೆ ಮಾತ್ರ ಗೊತ್ತಿರುವ ಸಂಗತಿ. ಉಗುರು ತಾಗಿಸಿದರೆ ಸರಿಯುತ್ತಿದ್ದದ್ದು ಈಗ ಬೆರಳು ಊರಿ ತಳ್ಳಿದರೆ ಸರಿಯುತ್ತದೆ. ಬೆಳಗಿನ ಥಂಡಿಗೆ ಹಟ ಮಾಡಿದ್ದು ಮಧ್ಯಾಹ್ನದ ಬಿಸಿಲಿಗೆ ಸಡಿಲವಾಗುತ್ತದೆ. ‘ಟಕ್’ ಎಂದು ಕೂರುತ್ತಿದ್ದ ಜಾಗದಲ್ಲಿ ಸದ್ದಿಲ್ಲದೆ ಕೂರುತ್ತದೆ. ಚಿತ್ರವಂತೂ ಬರುತ್ತಿದೆಯಲ್ಲ ಎಂದು ಫೋಟೋಗ್ರಾಫರು ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ. ಆಮೇಲೆ ಕೆಲವರು ಇನ್ನಷ್ಟು ಬಲ ಹಾಕಲು ಶುರು ಮಾಡುತ್ತಾರೆ. ಕೆಲವರು ಆನ್ ಆಗಿದ್ದನ್ನು ಆಫ್ ಮಾಡುವ ಗೋಜಿಗೇ ಹೋಗುವುದಿಲ್ಲ. ನಮ್ಮಪ್ಪ ಈ ಎರಡನೆಯ ದಾರಿಯವರು.

ತೀರ್ಥಹಳ್ಳಿಯಲ್ಲಿ ಅಪ್ಪನದೊಂದು ಸ್ಟುಡಿಯೋ ಇತ್ತು. ರಸ್ತೆಗೆ ಮುಖ ಮಾಡಿದ ಗಾಜಿನ ಶೋಕೇಸು, ಒಳಗೆ ಬಣ್ಣದ ಪರದೆ, ಅದರ ಹಿಂದೆ ಕೆಂಪು ಬಲ್ಬಿನ ಡಾರ್ಕ್‌ರೂಮು. ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಂದ ದಿನ ನಡೆಯುತ್ತಿತ್ತು, ಮದುವೆಗಳಿಂದ ವರ್ಷ ನಡೆಯುತ್ತಿತ್ತು. 1980ರ ದಶಕದ ನಡುವಿನಲ್ಲಿ, ಗಲ್ಫಿನಿಂದ ರಜಕ್ಕೆ ಬಂದಿದ್ದ ಉಡುಪಿ ಕಡೆಯ ಪರಿಚಿತರೊಬ್ಬರಿಂದ ಅಪ್ಪ ಜಪಾನಿನ ಒಂದು 35 ಎಂ.ಎಂ. ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡರು. ಅದಕ್ಕಾಗಿ ಅಮ್ಮನ ಬಳೆಗಳು ಸೊಸೈಟಿಯಲ್ಲಿ ಅಡವು ಕೂತವು. ಹೀಗಾಗಿ ಆ ಕ್ಯಾಮೆರಾದ ಮೇಲೆ ಮನೆಮಂದಿಗೆಲ್ಲ ಒಂದು ಬಗೆಯ ಹಕ್ಕಿತ್ತು. ಅದರ ಕ್ಷೇಮಸಮಾಚಾರವನ್ನು ಅಜ್ಜಿಯೂ ವಿಚಾರಿಸುತ್ತಿದ್ದಳು.

ಅದಕ್ಕೂ ಮುಂಚೆ ಅಪ್ಪನ ಕೈಯಲ್ಲಿದ್ದವೆಲ್ಲ ಬ್ಯಾಟರಿ ಬೇಡದ ಕ್ಯಾಮೆರಾಗಳು. ಆಗ್ಫಾ ಕ್ಲಿಕ್‌ಗೆ 120ರ ರೋಲು ಹಾಕಿದರೆ ಹನ್ನೆರಡು ಚಿತ್ರ. ಬಿಸಿಲೋ ಮೋಡವೋ ನೋಡಿ ಒಂದು ಲಿವರ್ ಸರಿಸಿದರೆ ಆಯಿತು. ಆನ್ ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಬೆಳಕು ಅಳೆಯುವ ಮೀಟರು ಕ್ಯಾಮೆರಾದ ಒಳಗೆ ಬಂದ ಮೇಲೂ, ಸೆಲೆನಿಯಂ ಇದ್ದಷ್ಟು ಕಾಲ ಬ್ಯಾಟರಿಯ ಹಂಗಿರಲಿಲ್ಲ. ಬೆಳಕು ಬಿದ್ದರೆ ಅದೇ ವಿದ್ಯುತ್ತು ಹುಟ್ಟಿಸಿಕೊಳ್ಳುತ್ತಿತ್ತು. ಕ್ಯಾಡ್ಮಿಯಂ ಸಲ್ಫೈಡಿನ ಮೀಟರು ಬಂದಾಗ ಬ್ಯಾಟರಿ ಬಂತು, ಬ್ಯಾಟರಿಯ ಹಿಂದೆಯೇ ಅದನ್ನು ಉಳಿಸುವ ಚಿಂತೆ ಬಂತು. ಒಬ್ಬೊಬ್ಬ ತಯಾರಕರು ಒಂದೊಂದು ದಾರಿ ಹುಡುಕಿದರು. 1972ರ ಒಲಿಂಪಸ್ ಓಎಂ-1ರಲ್ಲಿ ಮೀಟರಿಗೆಂದೇ ನೆತ್ತಿಯ ಎಡಭಾಗದಲ್ಲಿ ಒಂದು ಸ್ವಿಚ್ಚು. 1976ರ ಪೆಂಟಾಕ್ಸ್ ಕೆ1000ಕ್ಕೆ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲು ಮಾಡಿದರೆ ಮೀಟರು ತಾನಾಗಿ ಮಲಗುತ್ತದೆ. 1977ರ ನಿಕಾನ್ ಎಫ್‌ಎಂನಲ್ಲಿ ಫಿಲ್ಮ್ ತಳ್ಳುವ ಲಿವರನ್ನು ಚೂರು ಹೊರಗೆಳೆದರೆ ಮೀಟರು ಏಳುತ್ತದೆ. ಇವೆಲ್ಲವುಗಳಲ್ಲಿ ಬ್ಯಾಟರಿ ಸತ್ತರೂ ಷಟರು ಬಡಿಯುತ್ತದೆ, ಬೆಳಕನ್ನು ಕಣ್ಣಂದಾಜಿನಲ್ಲಿ ಹಿಡಿದರೆ ಚಿತ್ರ ಸಿಗುತ್ತದೆ. ಷಟರಿನ ಕಾಲವನ್ನೂ ವಿದ್ಯುತ್ತಿನ ಕೈಗೆ ಕೊಟ್ಟ ಕ್ಯಾಮೆರಾಗಳು ಬಂದ ಮೇಲೆ ಸ್ವಿಚ್ಚಿನ ತೂಕವೇ ಬದಲಾಯಿತು. 1976ರ ಕ್ಯಾನನ್ ಎಇ-1 ಬ್ಯಾಟರಿಯಿಲ್ಲದೆ ಒಂದು ಚಿತ್ರವನ್ನೂ ತೆಗೆಯುವುದಿಲ್ಲ. 1980ರ ನಿಕಾನ್ ಎಫ್3ರಲ್ಲಿ ಆಪತ್ಕಾಲಕ್ಕೆಂದು ಲೆನ್ಸಿನ ಪಕ್ಕದಲ್ಲಿ ಬೇರೆಯದೇ ಒಂದು ಲಿವರ್ ಇಟ್ಟರು. ಬ್ಯಾಟರಿ ಕೈಕೊಟ್ಟರೂ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಚಿತ್ರ ತೆಗೆಯಬಹುದು. ಅಂಥ ಒಂದು ಲಿವರ್ ಬೇಕೆಂದು ಅವರಿಗೆ ಹೊಳೆದದ್ದನ್ನು ನಾನು ತುಂಬ ಗೌರವಿಸುತ್ತೇನೆ. ಕಾಡಿನಲ್ಲೋ ಗುಡ್ಡದ ಮೇಲೋ ಒಬ್ಬ ಮನುಷ್ಯ ಕ್ಯಾಮೆರಾ ಹಿಡಿದು ನಿಂತಿರುತ್ತಾನೆ ಎಂದು ಯಾರೋ ಒಬ್ಬರು ಮೇಜಿನ ಮುಂದೆ ಕೂತು ಯೋಚಿಸಿದ್ದಾರೆ.

ಅಪ್ಪನ ಕ್ಯಾಮೆರಾದಲ್ಲಿ ಅಂಥ ಎರಡನೆಯ ದಾರಿ ಇರಲಿಲ್ಲ. ಫಿಲ್ಮ್ ತಳ್ಳುವ ಲಿವರಿನ ಬುಡದಲ್ಲಿ, ಅರ್ಧ ಉಗುರಿನಷ್ಟು ಹೊರಚಾಚಿದ ಒಂದು ಲೋಹದ ನಾಲಿಗೆ, ಅದೇ ಸ್ವಿಚ್ಚು. ಅದು ಸರಿದರೆ ಕ್ಯಾಮೆರಾ, ಸರಿಯದಿದ್ದರೆ ಒಂದು ಗಟ್ಟಿ.

ಮಲೆನಾಡಿನ ಮದುವೆಯಲ್ಲಿ ಫೋಟೋ ತೆಗೆಯುವವನ ಕಷ್ಟ ಊಟದ ಪಂಕ್ತಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಅಂತರಪಟ ಸರಿಯುವುದು ಒಂದೇ ಸಲ. ಧಾರೆಯ ನೀರು ಬೀಳುವುದು ಒಂದೇ ಸಲ. “ಇನ್ನೊಂದು ಸಲ ಹಾಕಿ ಭಟ್ರೇ” ಎನ್ನುವ ಹಾಗಿಲ್ಲ. ಹೋಮದ ಹೊಗೆ, ತುಪ್ಪದ ಹಬೆ, ಮೇಲಿಂದ ಬೀಳುವ ಅಕ್ಷತೆಯಿಂದ ಉದುರುವ ಅರಿಸಿನ, ಚಪ್ಪರದ ಕೆಳಗಿನ ಬೆವರು. ಇಷ್ಟರ ನಡುವೆ ಅಪ್ಪ ಒಂದು ಕಾಲು ಕುರ್ಚಿಯ ಮೇಲಿಟ್ಟು ಕಾಯುತ್ತಿದ್ದರು. ಸ್ವಿಚ್ಚು ಬಿಗಿಯಾಗತೊಡಗಿದ ಮೇಲೆ ಅವರಿಗೆ ಅದನ್ನು ನಂಬುವ ಧೈರ್ಯ ಸಾಲಲಿಲ್ಲ. ಮದುವೆಗೆ ಹೊರಡುವ ಮುಂಚೆ ಮನೆಯಲ್ಲೇ ಆನ್ ಮಾಡಿಕೊಂಡು, ಮರುದಿನ ಬೀಗರ ಊಟ ಮುಗಿಯುವವರೆಗೆ ಹಾಗೇ ಇಡುತ್ತಿದ್ದರು. ಆಮೇಲೆ ಇಡೀ ಸೀಸನ್ನೇ ಹಾಗೆ ಕಳೆಯಿತು. ಬ್ಯಾಟರಿ ಬೇಗ ಬೇಗ ಇಳಿಯುತ್ತಿತ್ತು. ಅಂಗಿಯ ಜೇಬಿನಲ್ಲಿ, ಎಲೆ-ಅಡಿಕೆಯ ಪೊಟ್ಟಣದ ಪಕ್ಕದಲ್ಲಿ, ಸದಾ ಹೊಸ ಬ್ಯಾಟರಿ ಇಟ್ಟುಕೊಂಡು ಓಡಾಡುತ್ತಿದ್ದರು.

ಹೀಗೆ ಮಾಡುವುದರಿಂದ ಕಾಯಿಲೆ ಹೆಚ್ಚುತ್ತದೆ ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿದದ್ದು. ದಿನವೂ ಆಡುವ ಸ್ವಿಚ್ಚು ತನ್ನ ದಾರಿಯನ್ನು ತಾನೇ ಒರೆಸಿಕೊಳ್ಳುತ್ತಿರುತ್ತದೆ. ಒಂದೇ ಕಡೆ ನಿಂತ ಸ್ವಿಚ್ಚಿನ ಸುತ್ತ ಜಿಡ್ಡು ಕೂರುತ್ತದೆ, ಕೂತದ್ದು ಒಣಗುತ್ತದೆ. ಆಷಾಢ ಬಂದು ಮದುವೆಗಳು ನಿಂತಾಗ ಅಪ್ಪ ಕ್ಯಾಮೆರಾ ಆಫ್ ಮಾಡಲು ನೋಡಿದರು. ನಾಲಿಗೆ ಜಪ್ಪಯ್ಯ ಅನ್ನಲಿಲ್ಲ.

ರಿಪೇರಿಗೆಂದು ಶಿವಮೊಗ್ಗಕ್ಕೆ ಹೊರಟೆವು. ತೀರ್ಥಹಳ್ಳಿಯಿಂದ ಅಲ್ಲಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ತುಂಗೆಯ ಜತೆಜತೆಗೇ ರಸ್ತೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಆ ಕಾಲಕ್ಕೆ ಬೆಳ್ಳಕ್ಕಿಗಳ ಗೂಡು. ಖಾಸಗಿ ಬಸ್ಸಿನಲ್ಲಿ ಅಪ್ಪ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು, ನಾನು ಕಿಟಕಿಯ ಪಕ್ಕ. ಗಾಂಧಿಬಜಾರಿನ ಒಂದು ಅಂಗಡಿಯ ಮೇಲ್ಮಹಡಿಯಲ್ಲಿ ಆಚಾರ್ರು ಕೂರುತ್ತಿದ್ದರು. ಅಕ್ಕಸಾಲಿಗರ ಮನೆತನ. ಅವರ ತಂದೆ ಚಿನ್ನದ ಕೆಲಸದವರು, ಇವರು ವಾಚು ರಿಪೇರಿಗೆ ಬಂದು, ಅಲ್ಲಿಂದ ಕ್ಯಾಮೆರಾಕ್ಕೆ ಹೊರಳಿದವರು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಿ ಅವರು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲ ಪ್ರಶ್ನೆ ಕ್ಯಾಮೆರಾದ ಬಗ್ಗೆ ಇರಲಿಲ್ಲ.

“ಎಣ್ಣೆ ಬಿಟ್ರಾ?”

“ಇಲ್ಲ ಆಚಾರ್ರೇ. ಒಂದು ಹನಿ ಸಹ ಬಿಟ್ಟಿಲ್ಲ.”

“ಹಾಗಾದ್ರೆ ಆಗ್ತದೆ. ಕೂತ್ಕೊಳ್ಳಿ.”

ಎಣ್ಣೆಯ ಪ್ರಶ್ನೆ ಅವರಿಗೆ ಅಷ್ಟು ಮುಖ್ಯವಾಗಿತ್ತು. ಬಾಗಿಲು ಕಿರುಗುಟ್ಟಿದರೆ, ಸೈಕಲ್ಲಿನ ಚೈನು ಒಣಗಿದರೆ, ಹೊಲಿಗೆ ಮಿಷನ್ನು ಗಡಗಡ ಎಂದರೆ ಎಣ್ಣೆ ಬಿಡುವುದು ನಮ್ಮ ಜನರ ಕೈಗೆ ಕೂತ ಅಭ್ಯಾಸ. ಕ್ಯಾಮೆರಾಕ್ಕೂ ಅದನ್ನೇ ಮಾಡುತ್ತಾರೆ. ಎಣ್ಣೆ ಬಿದ್ದ ಕೂಡಲೇ ಸ್ವಿಚ್ಚು ಹಗುರಾಗಿ ಆಡುತ್ತದೆ. ಆಡಿದ್ದು ಕಂಡು ಖುಷಿಯಾಗುತ್ತದೆ. ಆದರೆ ಎಣ್ಣೆ ಬಿಟ್ಟ ಜಾಗದಲ್ಲಿ ನಿಲ್ಲುವ ಪದಾರ್ಥವಲ್ಲ. ತೆಳ್ಳಗೆ ಹರಡಿ, ಕಿರಿದಾದ ಸಂದುಗಳಲ್ಲಿ ತಾನಾಗಿ ಏರಿ, ಕೊನೆಗೆ ಷಟರಿನ ಪರದೆಗೋ ಲೆನ್ಸಿನೊಳಗಿನ ಎಲೆಗಳಿಗೋ ಮುಟ್ಟುತ್ತದೆ. ಕಾಗದಕ್ಕಿಂತ ತೆಳುವಾದ ಆ ಎಲೆಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ರಿಪೇರಿಯ ಖರ್ಚು ಸ್ವಿಚ್ಚಿನದ್ದಲ್ಲ, ಇಡೀ ಕ್ಯಾಮೆರಾದ್ದು. ಆಚಾರ್ರ ಬಳಿ ಒಬ್ಬರು ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬಂದಿದ್ದರಂತೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಡಿಸೆಂಬರಿನಲ್ಲಿ ಬಾಟಲಿಯೊಳಗೆ ಬೆಳ್ಳಗಾಗುವುದನ್ನು ಎಲ್ಲರೂ ನೋಡಿದ್ದೇವೆ. ಸ್ವಿಚ್ಚಿನೊಳಗೂ ಅದು ಹಾಗೇ ಹೆಪ್ಪುಗಟ್ಟಿ ಕೂತಿತ್ತು.

ಅಂದು ಅವರು ಮಾಡಿದ ಕೆಲಸವನ್ನು ನಾನು ಮೇಜಿನ ಅಂಚಿಗೆ ಗಲ್ಲ ಊರಿ ನೋಡಿದೆ. ಮೊದಲು ಬ್ಯಾಟರಿ ತೆಗೆದರು. ಮೇಜಿನ ಮೇಲೆ ಒಗೆದ ಬಿಳಿ ಪಂಚೆಯ ತುಂಡು ಹಾಸಿದರು. ಲಿವರಿನ ತಲೆಯ ಮೇಲಿನ ಬಿಲ್ಲೆಗೆ ಸ್ಕ್ರೂ ಇರಲಿಲ್ಲ. ಸೈಕಲ್ ಟ್ಯೂಬಿನ ಒಂದು ತುಂಡನ್ನು ಅದರ ಮೇಲೊತ್ತಿ ಅಂಗೈಯಲ್ಲಿ ತಿರುಗಿಸಿದರು, ಬಿಲ್ಲೆ ಬಿಚ್ಚಿಕೊಂಡಿತು. ಅದರ ಕೆಳಗೆ ಎರಡು ಸಣ್ಣ ತೂತುಗಳಿದ್ದ ಒಂದು ಉಂಗುರ. ಅದನ್ನು ಬಿಚ್ಚಲು ಅವರ ಬಳಿ ಇದ್ದದ್ದು ಶಾಲೆಯ ಜಾಮಿಟ್ರಿ ಪೆಟ್ಟಿಗೆಯ ಡಿವೈಡರು! ಅದರ ಎರಡೂ ತುದಿಗಳನ್ನು ಅರದಿಂದ ಉಜ್ಜಿ, ಬೆಂಕಿಗಿಟ್ಟು ಹದಮಾಡಿಕೊಂಡಿದ್ದರು. ಬಿಚ್ಚಿದ ಪ್ರತಿ ತುಂಡನ್ನೂ ಬಂದ ಸರದಿಯಲ್ಲೇ ಪಂಚೆಯ ಮೇಲೆ ಸಾಲಾಗಿ ಇಟ್ಟರು, ಯಾವ ಮುಖ ಮೇಲಿತ್ತೋ ಅದೇ ಮುಖ ಮೇಲಾಗಿ. ಆಮೇಲೆ ನಮ್ಮಿಬ್ಬರಿಗೂ ಉಸಿರು ಬಿಗಿ ಹಿಡಿಯುವಂತೆ ಕೈಸನ್ನೆ ಮಾಡಿ ಸ್ವಿಚ್ಚಿನ ಬಿಲ್ಲೆಯನ್ನು ನಿಧಾನ ಎತ್ತಿದರು.

ಆ ಬಿಲ್ಲೆಯ ಕೆಳಗೊಂದು ಉಕ್ಕಿನ ಗುಂಡು ಇತ್ತು, ರಾಗಿಕಾಳಿನಷ್ಟು. ಅದರಡಿಯಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ಸ್ಪ್ರಿಂಗು. ಸ್ವಿಚ್ಚು ‘ಟಕ್’ ಎನ್ನುವುದು ಈ ಗುಂಡು ತನ್ನ ಗುಳಿಗೆ ಬಿದ್ದಾಗ. ಬಿಲ್ಲೆ ಎತ್ತುವಾಗ ಸ್ಪ್ರಿಂಗು ಗುಂಡನ್ನು ಹಾರಿಸಿಬಿಟ್ಟರೆ ಅದು ಕೋಣೆಯ ಯಾವ ಮೂಲೆಗೆ ಹೋಯಿತೆಂದು ದೇವರಿಗೇ ಗೊತ್ತು. ಬಿಳಿ ಪಂಚೆ ಅದಕ್ಕಾಗಿಯೇ. ಗುಂಡಿನ ಸುತ್ತ, ಬಿಲ್ಲೆಯ ಅಡಿಯಲ್ಲಿ, ಕಂದುಬಣ್ಣದ ಏನೋ ಒಂದು ಒಣಗಿದ ಹಲಸಿನ ಮೇಣದ ಹಾಗೆ ಹಿಡಿದುಕೊಂಡಿತ್ತು. ಅಲ್ಲಲ್ಲಿ ಹಸಿರು ಬಣ್ಣ. ಆಚಾರ್ರು ಭೂತಗನ್ನಡಿಯನ್ನು ನನ್ನ ಕಣ್ಣಿಗಿಟ್ಟು ತೋರಿಸಿದರು.

“ಇದು ಎಂತ ಗೊತ್ತುಂಟಾ? ಸ್ವಿಚ್ಚು ಆಡ್ಲಿ ಅಂತ ಕಂಪನಿಯವ್ರು ಹಾಕಿದ ಗ್ರೀಸು. ಈಗ ಅದೇ ಆಡ್ಲಿಕ್ಕೆ ಬಿಡ್ತಾ ಇಲ್ಲ.”

ಗ್ರೀಸೆಂದರೆ ಸಾಬೂನಿನಂಥ ಪದಾರ್ಥವೊಂದು ಹಿಡಿದಿಟ್ಟುಕೊಂಡ ಎಣ್ಣೆ. ವರ್ಷಗಳು ಕಳೆದ ಹಾಗೆ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಬೇರ್ಪಟ್ಟು ಹೊರಟುಹೋಗುತ್ತದೆ, ಉಳಿದದ್ದು ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ. ಹಿತ್ತಾಳೆಯ ಜತೆಗಿದ್ದರೆ ಅದರೊಳಗಿನ ತಾಮ್ರದೊಂದಿಗೆ ಬೆರೆತು ಹಸಿರಾಗುತ್ತದೆ. ಹೊರಗಿನ ಧೂಳೂ ಬೆವರಿನ ಉಪ್ಪೂ ಆ ಜಿಡ್ಡಿಗೆ ಬಂದು ಅಂಟುತ್ತವೆ. ಈ ಸ್ವಿಚ್ಚು ಮುರಿದಿರಲಿಲ್ಲ, ಸವೆದಿರಲಿಲ್ಲ. ಕೆಟ್ಟದ್ದು ಗ್ರೀಸು ಮಾತ್ರ. ಅದಕ್ಕೆ ಸೇರಬಾರದ್ದು ಸೇರಿತ್ತು, ಅಷ್ಟೆ. ಆಚಾರ್ರು ಬಿದಿರಿನ ಕಡ್ಡಿಯ ಚೂಪಿನಿಂದ ಅದನ್ನು ಕೆರೆದರು. ಉಕ್ಕಿನ ಮೊನೆ ಗೀರು ಬೀಳಿಸುತ್ತದೆ ಎಂದು ಅದನ್ನು ಮುಟ್ಟಲಿಲ್ಲ. ಬಟ್ಟಲಿಗೆ ಚೂರು ಪೆಟ್ರೋಲು ಸುರಿದು ಗುಂಡು, ಸ್ಪ್ರಿಂಗು, ಬಿಲ್ಲೆಗಳನ್ನು ಅದರಲ್ಲಿ ತೊಳೆದರು. ಕಿಟಕಿಯ ಬಳಿ ಒಣಗಲು ಬಿಟ್ಟು ಚಹಾ ತರಿಸಿದರು. ಚಹಾ ಮುಗಿದ ಮೇಲೆ ಸೂಜಿಯ ತುದಿಗೆ ಹೊಸ ಗ್ರೀಸು ತಾಗಿಸಿ, ಗುಂಡಿನ ಗುಳಿಗೆ ಮುಟ್ಟಿಸಿದರು. ಹಾಕಿದ್ದಾರೋ ಇಲ್ಲವೋ ಎಂದು ಸಂಶಯ ಬರುವಷ್ಟು ಕಡಿಮೆ. ತೆಗೆದದ್ದು ರಾಶಿ, ಹಾಕಿದ್ದು ಚುಕ್ಕಿ. ಆ ಲೆಕ್ಕ ನನ್ನ ಮನಸ್ಸಿನಲ್ಲಿ ಅಂದೇ ಕೂತುಬಿಟ್ಟಿತು.

ಅಪ್ಪ ಸ್ವಿಚ್ಚು ಆಡಿಸಿದರು. ‘ಟಕ್.’ ಮತ್ತೆ ಆಡಿಸಿದರು. ಬಸ್ಸಿನಲ್ಲಿ ಮನೆಗೆ ಹೋಗುವವರೆಗೂ ಟವೆಲಿನೊಳಗಿಂದ ಆ ಸದ್ದು ಕೇಳುತ್ತಲೇ ಇತ್ತು.

ಡಿಗ್ರಿ ಓದಲು ಶಿವಮೊಗ್ಗಕ್ಕೆ ಹೋದಾಗ ಸಂಜೆ ಹೊತ್ತು ಆ ಮೇಲ್ಮಹಡಿ ಹತ್ತುವುದು ನನ್ನ ರೂಢಿಯಾಯಿತು. ಹೆಣ್ಣುಮಗಳೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಕೂತಿರುವುದನ್ನು ಕಂಡು ಗಿರಾಕಿಗಳು ಆಚಾರ್ರನ್ನು ಪ್ರಶ್ನಿಸುತ್ತಿದ್ದರು. “ಅವ್ಳ ಬೆರಳು ಸಣ್ಣ, ನಂದು ದಪ್ಪ” ಎಂದಷ್ಟೇ ಅವರ ಉತ್ತರ. ನನಗೆ ಮೊದಲು ಕಲಿಸಿದ್ದು ಬಿಚ್ಚುವುದನ್ನಲ್ಲ. ರಿಪೇರಿಗೆ ಬಂದ ಕ್ಯಾಮೆರಾಗಳನ್ನು ಸಾಲಾಗಿಟ್ಟು, “ಕಣ್ಣು ಮುಚ್ಚಿ ಆಡ್ಸು, ಎಂತ ಆಗ್ತದೆ ಹೇಳು” ಎನ್ನುತ್ತಿದ್ದರು.

ಕಣ್ಣು ಮುಚ್ಚಿದಾಗ ಬೆರಳು ಎಷ್ಟೊಂದನ್ನು ಓದುತ್ತದೆ! ಒಂದು ಸ್ವಿಚ್ಚು ಉದ್ದಕ್ಕೂ ಒಂದೇ ಸಮ ಎಳೆಯುತ್ತದೆ, ಅಂಗೈಯಲ್ಲಿ ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಕಾವಿಗೆ ಹಗುರಾಗುತ್ತದೆ. ಅದು ಹಳೆಯ ಗ್ರೀಸು. ಇನ್ನೊಂದು ಕರಕರ ಎನ್ನುತ್ತದೆ, ಹಗುರಾಗಿ ಆಡಿದರೂ ಮೈ ಜುಂ ಎನ್ನಿಸುತ್ತದೆ. ಅದು ಮರಳು, ಕಾರವಾರದ ಬೀಚಿಗೋ ಮರವಂತೆಗೋ ಹೋಗಿಬಂದ ಕ್ಯಾಮೆರಾ. ಇದನ್ನು ಹೆಚ್ಚು ಆಡಿಸಿ ನೋಡುವುದೇ ತಪ್ಪು, ಆಡಿಸಿದಷ್ಟೂ ಒಳಗೆ ಅರೆಯುತ್ತದೆ. ಮತ್ತೊಂದು ಎಲ್ಲ ಕಡೆ ಸರಾಗವಾಗಿದ್ದು ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಅಂಥದ್ದನ್ನು ತೊಳೆದರೆ ಏನೂ ಆಗದು. ಕ್ಯಾಮೆರಾ ಎಲ್ಲೋ ಬಿದ್ದಿದೆ, ನೆತ್ತಿಯ ತಗಡು ಕೂದಲೆಳೆಯಷ್ಟು ತಗ್ಗಿ ಲಿವರಿಗೆ ತಾಗುತ್ತಿದೆ. ಗಿರಾಕಿ “ಬಿದ್ದೇ ಇಲ್ಲ” ಎಂದು ಆಣೆ ಮಾಡಿದರೂ ಬೆರಳಿಗೆ ತಿಳಿಯುತ್ತದೆ. ಇನ್ನು ಕೆಲವು ಸ್ವಿಚ್ಚುಗಳು ಬೆಣ್ಣೆಯಂತೆ ಸರಿದರೂ ಕ್ಯಾಮೆರಾ ಏಳುವುದಿಲ್ಲ. ಅಲ್ಲಿ ಕೆಟ್ಟಿರುವುದು ಚಲನೆಯಲ್ಲ, ಕಾಂಟ್ಯಾಕ್ಟು. ಬ್ಯಾಟರಿ ಸೋರಿ ಅದರೊಳಗಿನ ಕ್ಷಾರ ತಂತಿಯ ಗುಂಟ ನಡೆದುಹೋಗಿರುತ್ತದೆ. ಬ್ಯಾಟರಿ ಕೋಣೆಯಲ್ಲಿ ಬಿಳಿ-ಹಸಿರು ಹುಡಿ ಕಂಡರೆ ಅದೇ ಗುರುತು. ಆ ಹುಡಿಯನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯುತ್ತಿದ್ದೆವು, ಆಮೇಲೆ ಸ್ಪಿರಿಟ್ಟು, ಆಮೇಲೆ ಬಿಸಿಲು.

ಬಿಚ್ಚದೆಯೇ ಸಂದಿನೊಳಗೆ ಲೈಟರಿನ ಪೆಟ್ರೋಲು ಒಂದೆರಡು ಹನಿ ಬಿಟ್ಟು ಸ್ವಿಚ್ಚು ಆಡಿಸುವ ಉಪಾಯವೊಂದಿದೆ. ಬೇಗ ಆಗುತ್ತದೆ, ಕೈಗೆ ದುಡ್ಡೂ ಬೇಗ ಬರುತ್ತದೆ. ಆಚಾರ್ರು ಇದನ್ನು ಸುತರಾಂ ಒಪ್ಪುತ್ತಿರಲಿಲ್ಲ. ಕರಗಿದ ಜಿಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಅವರ ವಾದ. ಪೆಟ್ರೋಲು ಆರುತ್ತದೆ, ಜಿಡ್ಡು ಆರುವುದಿಲ್ಲ. ಅದು ಇನ್ನಷ್ಟು ಆಳಕ್ಕಿಳಿದು ಅಲ್ಲಿ ಕೂರುತ್ತದೆ, ಕೆಲವೊಮ್ಮೆ ವ್ಯೂಫೈಂಡರಿನ ಪ್ರಿಸಮ್ಮಿನವರೆಗೂ ನುಗ್ಗಿ ಕಲೆ ಮಾಡುತ್ತದೆ. ಆ ಕಲೆಯನ್ನು ಒರೆಸಲು ಹೋದವರು ಫೋಕಸಿಂಗ್ ಸ್ಕ್ರೀನಿನ ಮೇಲೆ ಗೀರು ಎಳೆಯುತ್ತಾರೆ. ಹೀಗೆ ಒಂದು ಸಣ್ಣ ಸ್ವಿಚ್ಚಿನಿಂದ ಶುರುವಾದದ್ದು ಕ್ಯಾಮೆರಾದ ಕಣ್ಣಿಗೇ ಬಂದು ಮುಟ್ಟುತ್ತದೆ. ಬೇರೆ ಕಡೆ ಈ ಉಪಾಯ ಮಾಡಿಸಿಕೊಂಡು ಬಂದ ಕ್ಯಾಮೆರಾಗಳನ್ನು ಅವರು ಮೇಜಿನ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ನನಗೆ ಮಾತ್ರ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಸ್ಕ್ರೂಗಳ ವಿಷಯದಲ್ಲೂ ಅವರಿಗೆ ಅಷ್ಟೇ ನಿಷ್ಠೆ. ಜಪಾನಿನ ಕ್ಯಾಮೆರಾದ ಪ್ಲಸ್ ಸ್ಕ್ರೂ ನಮ್ಮ ಹಾರ್ಡ್‌ವೇರ್ ಅಂಗಡಿಯ ಪ್ಲಸ್ ಸ್ಕ್ರೂನಂತೆಯೇ ಕಾಣುತ್ತದೆ, ಆದರೆ ಅದರ ಕೊರೆತದ ಅಳತೆ ಬೇರೆ. ಅದು ಜಪಾನಿನದೇ ಮಾನದಂಡದ್ದು. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ಮೊನೆ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆಯನ್ನು ಕಿತ್ತುಹಾಕುತ್ತದೆ. ಆಚಾರ್ರು ಮೊನೆಗಳನ್ನು ಒಂದೊಂದಾಗಿ ಅರದಲ್ಲಿ ತೀಡಿ ಅಳತೆಗೆ ಕೂರಿಸಿಕೊಂಡಿದ್ದರು. ಕೆಲವು ಬಿಲ್ಲೆಗಳ ಥ್ರೆಡ್ಡು ಉಲ್ಟಾ ಇರುತ್ತದೆ ಎಂಬುದನ್ನು ಯಾವ ಪುಸ್ತಕವೂ ನಮಗೆ ಹೇಳಿರಲಿಲ್ಲ. ಬಿಚ್ಚುವ ಮುಂಚೆ ಎರಡೂ ಕಡೆಗೆ ಕೂದಲಿನಷ್ಟು ತಿರುಗಿಸಿ, ಎತ್ತ ಸಡಿಲವಾಗುತ್ತದೆ ಎಂದು ಕೇಳಿಕೊಳ್ಳಬೇಕು.

ನಮ್ಮ ಸೀಮೆಯ ಹವೆಯೂ ಈ ಕೆಲಸದಲ್ಲಿ ಪಾಲುದಾರ. ತೀರ್ಥಹಳ್ಳಿ ತಾಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವಲ್ಲಿ ಕ್ಯಾಮೆರಾ ಹೇಗೆ ಒಣಗಿರಬೇಕು? ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೇರು ಬಿಡುತ್ತದೆ. ಹಿಂಬದಿಯ ಬಾಗಿಲಿನ ಬೆಳಕು ತಡೆಯುವ ಸ್ಪಂಜು ತೇವಕ್ಕೆ ಕೊಳೆತು ಡಾಂಬರಿನಂಥ ಅಂಟಾಗುತ್ತದೆ. ಕೆಲವು ಕ್ಯಾಮೆರಾಗಳ ಮೈಯ ಮೆತ್ತನೆ ರಬ್ಬರು ಲೇಪವೂ ಹಾಗೆಯೇ ಕರಗಿ ಬೆರಳಿಗೆ ಹತ್ತುತ್ತದೆ, ಬೆರಳಿನಿಂದ ಸ್ವಿಚ್ಚಿಗೆ ಹೋಗುತ್ತದೆ. ಆಚಾರ್ರ ಮಾಡಿನ ಕೆಳಗೆ ಒಂದು ಮರದ ಪೆಟ್ಟಿಗೆಯಿತ್ತು, ಒಳಗೆ ಸದಾ ಉರಿಯುವ ಒಂದು ಸಣ್ಣ ಬಲ್ಬು. ಮಳೆಗಾಲದಲ್ಲಿ ರಿಪೇರಿಯಾದ ಕ್ಯಾಮೆರಾಗಳೆಲ್ಲ ಗಿರಾಕಿ ಬರುವವರೆಗೆ ಆ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿರುತ್ತಿದ್ದವು.

ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಆಚಾರ್ರು ಕೆಲಸ ನಿಲ್ಲಿಸಿದರು. ಆಪರೇಷನ್ ಆಯಿತು, ದೃಷ್ಟಿ ಬಂತು, ಆದರೆ ರಾಗಿಕಾಳಿನ ಗುಂಡು ಹಿಡಿಯುವ ಧೈರ್ಯ ಬರಲಿಲ್ಲ ಎಂದರು. ಡಿವೈಡರು, ಅರಗಳು, ತೀಡಿದ ಮೊನೆಗಳೆಲ್ಲ ನನ್ನ ಪಾಲಿಗೆ ಬಂದವು. ನಾನು ಅಪ್ಪನ ಸ್ಟುಡಿಯೋದ ಒಂದು ಭಾಗವನ್ನು ರಿಪೇರಿಗೆಂದು ಬಿಡಿಸಿಕೊಂಡೆ. ಡಾರ್ಕ್‌ರೂಮು ಹೇಗೂ ಖಾಲಿಯಾಗಿತ್ತು.

ಈಗ ಬರುವುದು ಬಹುಪಾಲು ಡಿಜಿಟಲ್ ಕ್ಯಾಮೆರಾಗಳು. ಸ್ವಿಚ್ಚು ಜಾಗ ಬದಲಿಸಿದೆ. ಕೆಲವದರಲ್ಲಿ ಷಟರ್ ಗುಂಡಿಯ ಸುತ್ತಲಿನ ಉಂಗುರ, ಕೆಲವದರಲ್ಲಿ ಬೆನ್ನ ಮೇಲಿನ ಸಣ್ಣ ಲಿವರ್, ಕೆಲವದರಲ್ಲಿ ಬರೀ ಒತ್ತುವ ಗುಂಡಿ. ಉಂಗುರದ್ದು ಒಳ್ಳೆಯ ಯೋಚನೆ. ತೋರುಬೆರಳು ಹೇಗೂ ಅಲ್ಲೇ ಇರುತ್ತದೆ, ಒಂದೇ ಬೆರಳಲ್ಲಿ ಎಬ್ಬಿಸಿ ಚಿತ್ರ ತೆಗೆಯಬಹುದು. ಆದರೆ ಬೆರಳಿನ ಬೆವರೂ ಬೆರಳಿಗೆ ಹತ್ತಿದ್ದೆಲ್ಲವೂ ನೇರ ಅಲ್ಲಿಗೇ ಇಳಿಯುತ್ತದೆ. ಒಳಗೆ ಈಗ ಹಿತ್ತಾಳೆಯ ಬಿಲ್ಲೆಯಿಲ್ಲ. ಉಂಗುರದಡಿಯ ತೆಳ್ಳನೆ ಲೋಹದ ಬ್ರಷ್ಷೊಂದು, ಕಾಗದದಂತೆ ಬಾಗುವ ಸರ್ಕ್ಯೂಟಿನ ಮೇಲಿನ ಚಿನ್ನದ ಲೇಪದ ಪಟ್ಟಿಗಳನ್ನು ಸವರಿಕೊಂಡು ಹೋಗುತ್ತದೆ. ಅಕ್ಕಸಾಲಿಗರ ಮನೆಯ ಆಚಾರ್ರಿಗೆ ಇದನ್ನು ಹೇಳಿದಾಗ, “ಚಿನ್ನ ಕಿಲುಬುವುದಿಲ್ಲ, ಅದಕ್ಕೇ” ಎಂದು ತಲೆದೂಗಿದರು.

ಯಕ್ಷಗಾನದ ಚಿತ್ರ ತೆಗೆಯುವ ಹುಡುಗನೊಬ್ಬ ಹೋದ ವರ್ಷ ಅಂಥ ಉಂಗುರದ ಕ್ಯಾಮೆರಾ ತಂದ. ರಾತ್ರಿಯಿಡೀ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನೇ ಚಿತ್ರಿಸುವವನು. ಉಂಗುರ ಆನ್‌ಗೆ ಹೋದರೆ ತಾನಾಗಿ ಅರ್ಧಕ್ಕೆ ಹಿಂದೆ ಬರುತ್ತಿತ್ತು, ಭಾಗವತರ ಪದ ಏರುವ ಹೊತ್ತಿಗೇ ಕ್ಯಾಮೆರಾ ಮಲಗುತ್ತಿತ್ತು. ಕಣ್ಣು ಮುಚ್ಚಿ ಆಡಿಸಿ ನೋಡಿದೆ. ಒಂದೇ ಸಮ ಎಳೆತ. ಕಾವಿಗೆ ಚೂರು ಹಗುರ. ಬಿದಿರಿನ ಕಡ್ಡಿಯ ತುದಿಗೆ ಬಿಳಿ ಬಟ್ಟೆ ಸುತ್ತಿ ಉಂಗುರದ ಅಂಚಿನಲ್ಲಿ ಒಂದು ಸುತ್ತು ಎಳೆದಾಗ ಬಟ್ಟೆಗೆ ಹಳದಿ, ಕೆಂಪು ಬಣ್ಣ ಹತ್ತಿತು.

“ಇದೆಂತದು ಅಕ್ಕಾ?” ಎಂದ.

“ಮುಖವರ್ಣಿಕೆಯ ಬಣ್ಣ ಮಾರಾಯ. ನೀನೂ ಹಚ್ಕೊಳ್ತೀಯಾ?”

“ಇಲ್ಲಪ್ಪ. ಬಣ್ಣದ ತಟ್ಟೆ ಹಿಡ್ಕೊಳ್ಳಿ ಅಂತಾರೆ, ಹಿಡ್ಕೊಳ್ತೇನೆ.”

ಬಣ್ಣ ಕಲಸುವುದು ಕೊಬ್ಬರಿ ಎಣ್ಣೆಯಲ್ಲಿ. ಆಚಾರ್ರ ಹಳೆಯ ಶತ್ರು.

ಡಿಜಿಟಲ್ ಕ್ಯಾಮೆರಾದ ನೆತ್ತಿಯನ್ನು ಬಿಚ್ಚುವ ಮುಂಚೆ ನಾನು ತುಂಬ ಯೋಚಿಸುತ್ತೇನೆ. ಒಳಗೆ ಫ್ಲಾಷ್ ಇದ್ದರೆ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕೂತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಬಹಳ ಹೊತ್ತು ಉಳಿಯುತ್ತದೆ. ಸರ್ಕ್ಯೂಟಿನ ಬಾಗುವ ಪಟ್ಟಿ ಒಂದು ಕಡೆ ಸೀಳಿದರೆ ಬೇರೆ ಸಿಗುವುದಿಲ್ಲ. ಹೀಗಾಗಿ ಹೊರಗಿನಿಂದ ಆಗುವಷ್ಟನ್ನು ಹೊರಗಿನಿಂದಲೇ ಮಾಡಿದೆ. ಬ್ಯಾಟರಿ ತೆಗೆದು, ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೇವ ಮಾಡಿದ ಬ್ರಷ್ಷನ್ನು ಉಂಗುರದ ಸಂದಿಗೆ ಮುಟ್ಟಿಸಿದೆ. ತಲೆಕೆಳಗಾಗಿ ಹಿಡಿದರೆ ಕರಗಿದ್ದು ಒಳಗೆ ಇಳಿಯದೆ ಹೊರಗೆ ಬರುತ್ತದೆ. ಬಂದದ್ದನ್ನು ಕೂಡಲೇ ಬಟ್ಟೆಗೆ ಹೀರಿಸಿಕೊಳ್ಳಬೇಕು. ಬ್ರಷ್ಷು ತೇವವಿರಬೇಕು, ತೊಟ್ಟಿಕ್ಕಬಾರದು. ಆಡಿಸುವುದು, ಒರೆಸುವುದು, ಮತ್ತೆ ಆಡಿಸುವುದು. ಬಟ್ಟೆಯ ಮೇಲಿನ ಬಣ್ಣ ತೆಳುವಾಗುತ್ತ ಬಂದು ಕೊನೆಗೆ ಬಿಳಿಯೇ ಉಳಿಯಿತು. ಆ ದಿನ ಕ್ಯಾಮೆರಾ ಕೊಡದೆ ಒಣಗಲು ಬಿಟ್ಟೆ. ಮರುದಿನ ಉಂಗುರ ತನ್ನ ಜಾಗದಲ್ಲಿ ನಿಂತಿತು. ಹುಡುಗನಿಗೆ ಒಂದು ಸಣ್ಣ ಟವೆಲ್ಲು ಕೊಟ್ಟು, ತಟ್ಟೆ ಹಿಡಿದ ಕೈ ಒರೆಸದೆ ಕ್ಯಾಮೆರಾ ಮುಟ್ಟಬಾರದು ಎಂದು ಹೇಳಿ ಕಳಿಸಿದೆ.

ಎಲ್ಲವೂ ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರಷ್ಷು ಸವೆದ, ಗುಳಿಯ ಪ್ಲಾಸ್ಟಿಕ್ಕು ಮುರಿದ ಸ್ವಿಚ್ಚಿಗೆ ಹೊಸ ಭಾಗವೇ ಬೇಕು. ಸಣ್ಣ ಊರಿನ ರಿಪೇರಿಯವರ ಕೈಗೆ ಅದು ಸಿಗುವುದು ಬಲು ಕಷ್ಟ. ಒಂದು ಉಂಗುರ ಕೇಳಿದರೆ ಇಡೀ ನೆತ್ತಿಯ ಭಾಗ ಕೊಳ್ಳಿ ಎನ್ನುತ್ತಾರೆ, ಅದರ ಬೆಲೆಗೆ ಇನ್ನೊಂದು ಹಳೆಯ ಕ್ಯಾಮೆರಾವೇ ಬರುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತು, ವಾಹನ, ಇವು ಅದು ಆರಿಸಿಕೊಂಡ ನಾಲ್ಕು ವಲಯಗಳು. ಒಳ್ಳೆಯ ಆರಂಭ ಎಂದೇ ನನ್ನ ಭಾವನೆ. ಕ್ಯಾಮೆರಾದಂಥ ವಸ್ತುಗಳಿಗೂ ಭಾಗಗಳ ನಕ್ಷೆ, ಬಿಡಿಭಾಗದ ಬೆಲೆಪಟ್ಟಿ, ಯಾವ ಸ್ಕ್ರೂ ಎಷ್ಟು ಉದ್ದ ಎಂಬ ವಿವರ ಎಲ್ಲರಿಗೂ ಸಿಗುವಂತಾಗಬೇಕು. ಒಂದು ಸ್ಪ್ರಿಂಗು ಸಿಗದೆ ಒಳ್ಳೆಯ ಕ್ಯಾಮೆರಾ ಗುಜರಿಗೆ ಹೋಗುವುದನ್ನು ನೋಡುವುದು ನನಗೆ ಆಗುವುದಿಲ್ಲ.

ಅಲ್ಲಿಯವರೆಗೆ ನನಗೆ ಆಸರೆ, ಸತ್ತ ಕ್ಯಾಮೆರಾಗಳು. ನನ್ನ ಮೇಜಿನ ಕೆಳಗಿನ ಡ್ರಾಯರುಗಳಲ್ಲಿ ಅವನ್ನು ಮಾದರಿಯ ಪ್ರಕಾರ ಜೋಡಿಸಿಟ್ಟಿದ್ದೇನೆ. ಒಂದರ ಷಟರು ಹೋಗಿದೆ ಆದರೆ ಸ್ವಿಚ್ಚು ಚೆನ್ನಾಗಿದೆ. ಮತ್ತೊಂದರ ಸರ್ಕ್ಯೂಟು ನೀರಿಗೆ ಬಿದ್ದು ಸುಟ್ಟಿದೆ ಆದರೆ ಗುಂಡು, ಸ್ಪ್ರಿಂಗು ಹೊಸದರಂತಿವೆ. ಇದನ್ನು ಓದುವವರ ಮನೆಯ ಅಟ್ಟದಲ್ಲಿ, ಕಪಾಟಿನ ಮೂಲೆಯಲ್ಲಿ ಇನ್ನು ಏಳದ ಒಂದು ಕ್ಯಾಮೆರಾ ಇದ್ದರೆ ಬ್ಯಾಟರಿ ತೆಗೆದು, ಹತ್ತಿರದ ಯಾವುದಾದರೂ ರಿಪೇರಿಯವರಿಗೆ ಕೊಟ್ಟುಬಿಡಿ. ಏಳುವ ಕ್ಯಾಮೆರಾ ಇದ್ದರೆ ಮಳೆಗಾಲದಲ್ಲೂ ಆಗಾಗ ಹೊರಗೆ ತೆಗೆದು ಸ್ವಿಚ್ಚು ಆಡಿಸಿ, ಆಫ್ ಮಾಡಿಯೇ ಒಳಗಿಡಿ. ಬಿಗಿ ಅನ್ನಿಸಿದರೆ ಎಣ್ಣೆ ಬಿಡಬೇಡಿ, ಹಾಗೇ ತಂದು ತೋರಿಸಿ.